ಅಪ್‌ಡೇಟ್: ಮೂರು ಸಾವಿರ ಕಾಯಿನ್‌ನ ಕುದುರೆ ಕೊನೆಗೂ ಗೆದ್ದಿತು

ಹೋದ ತಿಂಗಳು ಕೇಳಿದ್ದೆನಲ್ಲ, ಆನ್‌ಲೈನ್ ರೇಸ್ ಗೇಮಿನ ಹರಾಜಿನಲ್ಲಿ ಆರು ರೇಸ್ ಸೋತ ಹೆಣ್ಣು ಕುದುರೆ ಅಗ್ಗಕ್ಕೆ ಬಂದಿದೆ, ತಗೊಳ್ಳಲಾ ಅಂತ. ಜಾಸ್ತಿ ಜನ ಬೇಡ ಅಂದಿರಿ. ಒಬ್ಬರು ಮಾತ್ರ 'ಸೋತದ್ದು ಎಷ್ಟು ದೂರದ ರೇಸಿನಲ್ಲಿ, ತಾಯಿ ಗೆದ್ದದ್ದು ಎಷ್ಟು ದೂರದ್ದರಲ್ಲಿ ನೋಡು' ಅಂದರು. ನೋಡಿದೆ. ಆರೂ 1,200 ಮೀಟರಿನವು. ತಾಯಿ ಗೆದ್ದದ್ದೆಲ್ಲ 2,000 ದಾಟಿದವು.

ತಗೊಂಡೆ. ಹರಾಜು ಮುಗಿಯಲು ಹತ್ತು ಸೆಕೆಂಡ್ ಇದ್ದಾಗ ಕೈಯಲ್ಲಿ ಮಂಡಕ್ಕಿ ಮಿರ್ಚಿ. ಎಣ್ಣೆ ಬೆರಳಿಗೆ ಸ್ಕ್ರೀನ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮೂಗಿನ ತುದಿಯಿಂದ ಬಿಡ್ ಒತ್ತಿದೆ! ದಾವಣಗೆರೆಯವನು ಅಲ್ವಾ, 'ಬೆಣ್ಣೆ' ಅಂತ ಹೆಸರಿಟ್ಟೆ. 2,000 ಮೀಟರಿಗೆ ಹಾಕಿದೆ. ಮೊದಲ ಸಲ ಐದನೇ ಜಾಗ, ಆಮೇಲೆ ಮೂರನೇದು, ಮೊನ್ನೆ ಗೆದ್ದಳು. ಕೊಟ್ಟ ಮೂರು ಸಾವಿರ ಒಂದೇ ರೇಸಿಗೆ ವಾಪಸ್ಸು.

ಅಲ್ಲಿಗೆ ತಲೆ ತಿರುಗಿತು ನೋಡಿ. ಬೆಣ್ಣೆಗೆ ಜೋಡಿ ಮಾಡಿ ಮರಿ ಹಾಕಿಸೋಣ ಅಂತ ಒಂದು ಅಗ್ಗದ ಗಂಡು ತಗೊಂಡೆ. ವಿವರ ಪೂರ್ತಿ ಓದಿರಲಿಲ್ಲ. ಬೀಜ ಒಡೆದ ಕುದುರೆ! ರೂಮಿನವನು ಇನ್ನೂ ನಗುತ್ತಿದ್ದಾನೆ.

'ಅಗ್ಗದ್ದು ನಿಜದ ರೇಸಿನಲ್ಲಿ ಎಲ್ಲಿ ಗೆಲ್ಲುತ್ತೆ' ಅಂದವರಿಗೆ: ಅಮೆರಿಕದ ಸಿಯಾಟಲ್ ಸ್ಲೂ ಅನ್ನೋ ಕುದುರೆ 1975ರ ಹರಾಜಿನಲ್ಲಿ ಹೋದದ್ದು ಬರೀ 17,500 ಡಾಲರಿಗೆ. 1977ರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಅಲ್ಲಿನ ಮೂರು ದೊಡ್ಡ ರೇಸ್‌ಗಳನ್ನು ಒಂದೇ ವರ್ಷ ಗೆದ್ದಿತು. ಅಲ್ಲಿಯದೇ ಇನ್ನೊಂದು ಕುದುರೆ ಜಾನ್ ಹೆನ್ರಿ 1,100 ಡಾಲರಿಗೆ ಮಾರಾಟವಾಗಿ, ಆಮೇಲೆ 65 ಲಕ್ಷ ಡಾಲರಿಗೂ ಜಾಸ್ತಿ ಗಳಿಸಿತು. ಅದೂ ಬೀಜ ಒಡೆದದ್ದೇ. ಹಾಗಾಗಿ ನನ್ನದನ್ನು ಸದ್ಯಕ್ಕೆ ಮಾರುತ್ತಿಲ್ಲ, 1,600ಕ್ಕೆ ಓಡಿಸಿ ನೋಡುತ್ತೇನೆ.