ಪದಚರ್ಚೆ: ತಡೆಯಾಜ್ಞೆಗೇ ತಡೆಯಾಜ್ಞೆ ಬಂದರೆ ಏನೆಂದು ಬರೆಯಬೇಕು? (ಹಡಗು, ಕೋವಿಡ್, ಕೋರ್ಟು)

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಕೊಡಗಿನಿಂದ ಪ್ರವಾಸಿ ಹಡಗುಗಳ ಕೆಲಸಕ್ಕೆ ಹೋಗುವ ಹುಡುಗರು, ಹುಡುಗಿಯರು ಇದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಸ್ವಲ್ಪ ಕಾಲ ಇಲ್ಲಿಯದೇ ರೆಸಾರ್ಟಿನಲ್ಲಿ ದುಡಿದು, ಆಮೇಲೆ ಹಡಗು ಹತ್ತುತ್ತಾರೆ. ಅವರಿಗೂ ಅವರ ಮನೆಯವರಿಗೂ ಓದೋದಕ್ಕೆ ಒಂದು ಸಣ್ಣ ಕನ್ನಡ ಪುಸ್ತಿಕೆ ಬರೆಯುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಹಡಗುಗಳ ಮೇಲೆ ಹಾಕಿದ ಆರೋಗ್ಯ ನಿಯಮಗಳು ಕೋರ್ಟಿಗೆ ಹೋದದ್ದು ಅದರ ವಿಷಯ. ನಾಳೆ ಇನ್ನೊಂದು ಸೋಂಕು ಬಂದರೆ ಹಡಗು ನಿಲ್ಲಿಸುವ ಹಕ್ಕು ಯಾರಿಗೆ, ಲಸಿಕೆಯ ಚೀಟಿ ಕೇಳುವ ಹಕ್ಕು ಯಾರಿಗೆ, ಇದು ಆ ಮಕ್ಕಳಿಗೆ ಗೊತ್ತಿರಬೇಕು. ಅವರ ಕೆಲಸ, ಸಂಬಳ, ಊರಿಗೆ ಬರುವ ದಿನ ಎಲ್ಲ ಅದರ ಮೇಲೆಯೇ ನಿಂತಿರುತ್ತದೆ.

ಬರೆಯುತ್ತಾ ಹೋದಂತೆ ಒಂದು ಪದ ಬಹಳ ಕಾಡುತ್ತಿದೆ. ತಡೆಯಾಜ್ಞೆ.

ಮೊದಲು ಕಥೆ ಹೇಳುತ್ತೇನೆ, ಇಲ್ಲದಿದ್ದರೆ ಪ್ರಶ್ನೆ ಅರ್ಥವಾಗುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, 2020ರ ಮಾರ್ಚ್ 14ರಂದು ಪ್ರವಾಸಿ ಹಡಗುಗಳು ಓಡಲೇಬಾರದು ಎಂದು ಆದೇಶ ಹೊರಡಿಸಿತು. ಅದನ್ನು ಮತ್ತೆ ಮತ್ತೆ ಮುಂದುವರಿಸಿತು. ಆ ವರ್ಷದ ಅಕ್ಟೋಬರ್ 30ರಂದು ಅದರ ಬದಲಿಗೆ ಷರತ್ತುಗಳ ಮೇಲೆ ಹಡಗು ಬಿಡುವ ಆದೇಶ ಬಂತು. ಹಡಗಿನಲ್ಲೇ ಪರೀಕ್ಷೆಗೆ ಲ್ಯಾಬ್ ಇರಬೇಕು, ಸ್ವಯಂಸೇವಕರನ್ನು ಹತ್ತಿಸಿಕೊಂಡು ಪರೀಕ್ಷಾ ಪ್ರಯಾಣ ಮಾಡಿ ತೋರಿಸಬೇಕು, ಹೀಗೆ. ಆಮೇಲೆ ಶೇ 95ರಷ್ಟು ಪ್ರಯಾಣಿಕರಿಗೂ ಶೇ 98ರಷ್ಟು ಸಿಬ್ಬಂದಿಗೂ ಲಸಿಕೆ ಆಗಿದ್ದರೆ ಪರೀಕ್ಷಾ ಪ್ರಯಾಣ ಬೇಡ ಎಂದೂ ಆಯಿತು.

2021ರ ಏಪ್ರಿಲ್ 8ರಂದು ಫ್ಲಾರಿಡಾ ರಾಜ್ಯ ಸಿಡಿಸಿ ಮೇಲೆ ಕೇಸು ಹಾಕಿತು. ಜೂನ್ 18ರಂದು ಆ ರಾಜ್ಯದ ಟ್ಯಾಂಪಾ ನಗರದ ನ್ಯಾಯಾಧೀಶ ಸ್ಟೀವನ್ ಮೆರಿಡೇ ರಾಜ್ಯದ ಪರವಾಗಿ ಪ್ರಿಲಿಮಿನರಿ ಇಂಜಂಕ್ಷನ್ (ಕೇಸು ತೀರ್ಮಾನ ಆಗುವವರೆಗೆ 'ಇಂಥದ್ದು ಮಾಡಬೇಡಿ' ಎನ್ನುವ ಆದೇಶ) ಕೊಟ್ಟರು. ಜುಲೈ 18ರಿಂದ ಫ್ಲಾರಿಡಾ ಬಂದರುಗಳಿಂದ ಹೊರಡುವ ಹಡಗುಗಳ ಮೇಲೆ ಆ ಷರತ್ತುಗಳನ್ನು ಹೇರುವಂತಿಲ್ಲ, ಬೇಕಿದ್ದರೆ ಬರೀ ಸಲಹೆಯಾಗಿ ಇಟ್ಟುಕೊಳ್ಳಿ ಎಂದರು. ಸಿಡಿಸಿ ಮೇಲ್ಮನವಿ ಹಾಕಿತು. ಜುಲೈ 17ರ ರಾತ್ರಿ, ಇಂಜಂಕ್ಷನ್ ಜಾರಿಗೆ ಬರಲು ಕೆಲವೇ ನಿಮಿಷ ಇರುವಾಗ, ಮೇಲ್ಮನವಿ ಕೋರ್ಟು ಅದಕ್ಕೆ ಸ್ಟೇ ಕೊಟ್ಟಿತು. ಫ್ಲಾರಿಡಾ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಆರೇ ದಿನದಲ್ಲಿ, ಜುಲೈ 23ರಂದು, ಅದೇ ಮೇಲ್ಮನವಿ ಕೋರ್ಟು ತಾನು ಕೊಟ್ಟ ಸ್ಟೇಯನ್ನು ತಾನೇ ವಾಪಸ್ ತೆಗೆದುಕೊಂಡಿತು.

ಈಗ ಇದನ್ನು ನಮ್ಮ ಪತ್ರಿಕೆಯ ಕನ್ನಡದಲ್ಲಿ ಹೇಳಿ ನೋಡಿ. 'ಸಿಡಿಸಿ ಆದೇಶಕ್ಕೆ ತಡೆಯಾಜ್ಞೆ.' 'ತಡೆಯಾಜ್ಞೆಗೆ ತಡೆಯಾಜ್ಞೆ.' 'ತಡೆಯಾಜ್ಞೆಯ ತಡೆಯಾಜ್ಞೆ ತೆರವು.' ವ್ಯಾಕರಣ ಸರಿಯಾಗಿಯೇ ಇದೆ. ಕರಡನ್ನು ಓದಿದ ಒಬ್ಬ ತಾಯಿ, ಮಗ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ, ನನ್ನನ್ನು ಕೇಳಿದ್ದು ಒಂದೇ ಮಾತು: "ಕೊನೆಗೆ ಗೆದ್ದದ್ದು ಯಾರು ಮಾರಾಯ್ರೇ?" ಅವರು ಎಸ್ಸೆಸ್ಸೆಲ್ಸಿ ಮಾಡಿದವರು, ದಿನಾ ಪೇಪರ್ ಓದುವವರು. ಅವರಿಗೇ ಗೊತ್ತಾಗದಿದ್ದರೆ ಆ ಬರಹ ಯಾಕೆ?

ಇಂಜಂಕ್ಷನ್, ಸ್ಟೇ ಎರಡೂ ಬೇರೆ ಬೇರೆ ಆದೇಶ. ನಮ್ಮ ಕಡೆ ತೋಟದ ಗಡಿ ತಕರಾರು ಜಾಸ್ತಿ, ಅದನ್ನೇ ತೆಗೆದುಕೊಳ್ಳಿ. ಪಕ್ಕದವರು ನಮ್ಮ ಕಾಳುಮೆಣಸಿನ ಬಳ್ಳಿ ಇರುವ ಜಾಗಕ್ಕೆ ಬೇಲಿ ಎಳೆಯುತ್ತಿದ್ದಾರೆ. ಸಿವಿಲ್ ಕೋರ್ಟು 'ನೀವು ಅಲ್ಲಿಗೆ ಕಾಲಿಡಬೇಡಿ, ಬೇಲಿ ಹಾಕಬೇಡಿ' ಎಂದು ಆ ಪಕ್ಕದವರಿಗೆ ಹೇಳುತ್ತದೆ. ಇದು ಇಂಜಂಕ್ಷನ್. ಅದು ಮನುಷ್ಯನ ಕೈ ಕಟ್ಟುತ್ತದೆ. ಪಕ್ಕದವರು ಮೇಲಿನ ಕೋರ್ಟಿಗೆ ಹೋಗುತ್ತಾರೆ. ಅಲ್ಲಿ 'ಮೇಲ್ಮನವಿ ತೀರ್ಮಾನ ಆಗುವವರೆಗೆ ಕೆಳಗಿನ ಆದೇಶ ಜಾರಿ ಆಗುವುದು ಬೇಡ' ಎನ್ನುತ್ತಾರೆ. ಇದು ಸ್ಟೇ. ಅದು ಆದೇಶವನ್ನೇ ತಡೆಹಿಡಿಯುತ್ತದೆ. ಊರಿನ ಮಾತಿನಲ್ಲಿ ಮಾತ್ರ ಎರಡಕ್ಕೂ 'ಸ್ಟೇ ತಂದ' ಅಂತಲೇ. ಊರಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಬೇಲಿ ಯಾರದ್ದು, ಬಳ್ಳಿ ಯಾರದ್ದು ಎಲ್ಲರಿಗೂ ಗೊತ್ತು. ಟ್ಯಾಂಪಾದ ಕೋರ್ಟಿನ ವಿಷಯ ಓದುವವರಿಗೆ ಆ ಆಸರೆ ಇಲ್ಲ, ಅಲ್ವಾ?

ನ್ಯಾಯಾಲಯದ ಕನ್ನಡದಲ್ಲಿ ಇಂಜಂಕ್ಷನ್‌ಗೆ ಪದಗಳಿವೆ. ನಿರ್ಬಂಧಕಾಜ್ಞೆ ಎನ್ನುತ್ತಾರೆ, ಪ್ರತಿಬಂಧಕಾಜ್ಞೆ ಎನ್ನುತ್ತಾರೆ. ದಾವಾ ಪತ್ರಗಳಲ್ಲಿ 'ಶಾಶ್ವತ ನಿರ್ಬಂಧಕಾಜ್ಞೆ' ಎಂದು ನೋಡಿರುತ್ತೀರಿ. ಆದರೆ ಈ ವಿಷಯಕ್ಕೆ ಅವು ಒಗ್ಗುತ್ತಿಲ್ಲ. ಕೋವಿಡ್ ನಿಯಮಗಳಿಗೇ ನಾವು 'ನಿರ್ಬಂಧ' ಎಂದು ಹೆಸರಿಟ್ಟಾಗಿದೆ. 'ನಿರ್ಬಂಧಗಳ ವಿರುದ್ಧ ನಿರ್ಬಂಧಕಾಜ್ಞೆ' ಎಂದು ಬರೆದರೆ ಓದುಗರು ಇನ್ನೊಂದು ನಿಯಮ ಬಂತು ಎಂದುಕೊಳ್ಳುತ್ತಾರೆ. ಪ್ರತಿಬಂಧಕಾಜ್ಞೆ ಎಂದರೆ ಅನೇಕರಿಗೆ ಹಳೆಯ 144ನೇ ಸೆಕ್ಷನ್ ನೆನಪಾಗುತ್ತದೆ, ಐದು ಜನ ಸೇರಬಾರದು ಎನ್ನುವುದು. ಅದಕ್ಕೆ ನಿಷೇಧಾಜ್ಞೆ ಎಂಬ ಪದ ಇದ್ದರೂ ಪತ್ರಿಕೆಗಳಲ್ಲಿ ಎರಡೂ ಅದಲು ಬದಲಾಗಿ ಬರುತ್ತಿರುತ್ತವೆ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ತಡೆಯಾಜ್ಞೆ ಪದವನ್ನು ಸ್ಟೇಗೆ ಮಾತ್ರ ಇಟ್ಟುಕೊಂಡಿದ್ದೇನೆ. ಇಂಜಂಕ್ಷನ್ ಬಂದ ಕಡೆಯೆಲ್ಲ ಹೆಸರುಪದ ಬಿಟ್ಟು ಕ್ರಿಯಾಪದದಲ್ಲಿ ಹೇಳಿದ್ದೇನೆ: 'ಫ್ಲಾರಿಡಾದ ಹಡಗುಗಳ ಮೇಲೆ ಈ ಷರತ್ತು ಹೇರಕೂಡದು ಎಂದು ಕೋರ್ಟು ಸಿಡಿಸಿಗೆ ಕಟ್ಟಪ್ಪಣೆ ಮಾಡಿತು.' ಯಾರಿಗೆ, ಏನನ್ನು ಮಾಡಬೇಡ ಎಂದರು, ಎರಡೂ ವಾಕ್ಯದಲ್ಲೇ ಬರುತ್ತದೆ. ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಆದರೆ ಪುಸ್ತಿಕೆಯಲ್ಲಿ ತಲೆಬರಹ ಬೇಕು, ಚಿಕ್ಕ ಪಟ್ಟಿ ಬೇಕು. ಅಲ್ಲಿ ಒಂದೇ ಪದ ಬೇಕಾಗುತ್ತದೆ. 'ಕಟ್ಟಪ್ಪಣೆ'ಯನ್ನೇ ಹೆಸರುಪದವಾಗಿ ಇಡಬಹುದೇ? ನನ್ನ ಕಿವಿಗೆ ಅದು ಹಿಡಿಸುತ್ತದೆ. ವಕೀಲರು ಒಪ್ಪುತ್ತಾರೋ ಇಲ್ಲವೋ, ಈ ಗುಂಪಿನಲ್ಲಿರುವ ವಕೀಲರೇ ಹೇಳಬೇಕು.

ಎರಡನೇ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಈ ಇಡೀ ಕೇಸು ನಿಂತದ್ದು 1944ರ ಒಂದು ಕಾನೂನಿನ ಎರಡು ಪದಗಳ ಮೇಲೆ. ಸಾರ್ವಜನಿಕ ಆರೋಗ್ಯ ಸೇವಾ ಕಾಯ್ದೆಯ 361ನೇ ಸೆಕ್ಷನ್ ಅದು. ರೋಗ ಹರಡದಂತೆ ತಪಾಸಣೆ, ಹೊಗೆ ಹಾಕುವುದು, ಸೋಂಕು ತೊಳೆಯುವುದು, ನೈರ್ಮಲ್ಯ, ಹುಳಹುಪ್ಪಟೆ ನಾಶ, ಸೋಂಕು ತಗುಲಿದ ಪ್ರಾಣಿ ಅಥವಾ ವಸ್ತುಗಳನ್ನು ನಾಶ ಮಾಡುವುದು, ಇಷ್ಟು ಪಟ್ಟಿ ಮಾಡಿ, ಕೊನೆಗೆ 'ಮತ್ತು ಅಗತ್ಯವೆಂದು ಕಂಡ ಇತರ ಕ್ರಮಗಳು' ಎಂದು ಸೇರಿಸಿದ್ದಾರೆ. ಇತರ ಕ್ರಮಗಳು ಎಂದರೆ ಯಾವುದು? ಸಿಡಿಸಿ ಹೇಳಿದ್ದು, ಅಗತ್ಯ ಕಂಡದ್ದೆಲ್ಲ. ಮೆರಿಡೇ ಹೇಳಿದ್ದು, ಹಿಂದಿನ ಪಟ್ಟಿಯಲ್ಲಿ ಇರುವಂಥವು ಮಾತ್ರ. ಇಡೀ ಉದ್ಯಮವನ್ನೇ ನಿಲ್ಲಿಸಿ ಷರತ್ತು ಹಾಕುವುದು ಹೊಗೆ ಹಾಕುವುದರ ಸಾಲಿಗೆ ಬರುವುದಿಲ್ಲ ಎಂದು ಅವರ ತೀರ್ಪು. ಅದೇ ವರ್ಷ ಆಗಸ್ಟ್ 26ರಂದು ಅಮೆರಿಕದ ಸುಪ್ರೀಂ ಕೋರ್ಟೂ ಅದೇ ಸೆಕ್ಷನ್ ಓದಿ, ಬಾಡಿಗೆದಾರರನ್ನು ಮನೆ ಬಿಡಿಸಬಾರದು ಎಂಬ ಸಿಡಿಸಿ ಆದೇಶಕ್ಕೆ ಅಲ್ಲಿ ಬಲವಿಲ್ಲ ಎಂದಿತು.

ಕನ್ನಡದಲ್ಲಿ 'ತಪಾಸಣೆ, ನೈರ್ಮಲ್ಯ ಮುಂತಾದ ಕ್ರಮಗಳು' ಎಂದು ಬರೆದರೆ ಮೆರಿಡೇ ಗೆದ್ದ ಹಾಗೆ. 'ಮುಂತಾದ' ಎಂದರೆ ಅದೇ ಜಾತಿಯವು ಎಂಬ ಧ್ವನಿ ತಾನಾಗಿ ಬರುತ್ತದೆ. 'ಬೇರೆ ಯಾವುದೇ ಕ್ರಮ' ಎಂದರೆ ಸಿಡಿಸಿ ಗೆದ್ದ ಹಾಗೆ. 'ಇತರ ಕ್ರಮಗಳು' ಎಂದಾಗ ಮಾತ್ರ ಎರಡಕ್ಕೂ ಜಾಗ ಉಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಜಗಳ ಇರುವ ಪದವನ್ನು ಅನುವಾದಿಸುವಾಗ ಜಗಳ ಹಾಗೇ ಉಳಿಯಬೇಕು, ನಾವು ತೀರ್ಪು ಕೊಡಬಾರದು. 'ಇತರೆ', 'ಮತ್ತಿತರ', 'ಇನ್ನಿತರ' ಇವುಗಳ ನಡುವೆ ನಿಮಗೆ ಏನಾದರೂ ವ್ಯತ್ಯಾಸ ಕಾಣುತ್ತದೆಯೇ? ಸರ್ಕಾರಿ ಆದೇಶಗಳಲ್ಲಿ 'ಇತರೆ' ಎಂದು ಬಂದಾಗ ಅದನ್ನು ಹೇಗೆ ಓದುತ್ತಾರೆ?

ಇದು ಅಮೆರಿಕದ ವಿಷಯ ನಮಗ್ಯಾಕೆ ಎಂದು ಯಾರಾದರೂ ಕೇಳಬಹುದು. 2020ರ ಮಾರ್ಚ್ ಕೊನೆಯಲ್ಲಿ ಮಾಕುಟ್ಟದ ಕಡೆ ಕೇರಳದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದದ್ದನ್ನು ಇಲ್ಲಿಯವರು ಮರೆತಿಲ್ಲ. ಟಿಪ್ಪರ್‌ನಲ್ಲಿ ತಂದು ಸುರಿದ ಕೆಂಪು ಮಣ್ಣು, ಆಳೆತ್ತರದ ರಾಶಿ, ಆಚೆ ತರಕಾರಿ ಗಾಡಿ, ಈಚೆ ಪೊಲೀಸರು. ತಲಪಾಡಿಯಲ್ಲೂ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾರದೆ ಹೋದಾಗ ವಿಷಯ ಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆಗಳನ್ನು ತೆಗೆಸಿ ಎಂದು ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ, ರೋಗಿಗಳನ್ನು ತಲಪಾಡಿಯಲ್ಲಿ ಹೇಗೆ ಬಿಡಬೇಕು ಎಂಬ ಬಗ್ಗೆ ಒಪ್ಪಂದ ಆಯಿತು. ನಮ್ಮ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲೂ ಸರ್ಕಾರ 'ಅಗತ್ಯವೆಂದು ಕಂಡ ಕ್ರಮ' ತೆಗೆದುಕೊಳ್ಳಬಹುದು ಎಂದಿದೆ. ಬಂದರಿಗೆ ಬರುವ, ಬಂದರಿನಿಂದ ಹೋಗುವ ಹಡಗನ್ನು ತಪಾಸಣೆ ಮಾಡುವ, ನಿಲ್ಲಿಸಿಕೊಳ್ಳುವ ಅಧಿಕಾರವೂ ಅದರಲ್ಲೇ ಇದೆ. ರಸ್ತೆಗೆ ಮಣ್ಣು ಸುರಿಯುವುದು 'ಕ್ರಮ'ವೇ? ಕ್ರಮ ಎನ್ನುವ ಪದ ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ ನಮ್ಮ ಬಾಗಿಲಿಗೇ ಬಂದಿತ್ತು.

'ನೈರ್ಮಲ್ಯ'ದ ಬಗ್ಗೆಯೂ ಒಂದು ಮಾತು. 2022ರ ಏಪ್ರಿಲ್ 18ರಂದು ಅದೇ ಟ್ಯಾಂಪಾದಲ್ಲಿ ನ್ಯಾಯಾಧೀಶೆ ಕ್ಯಾಥರಿನ್ ಮಿಜೆಲ್, ವಿಮಾನ, ರೈಲುಗಳಲ್ಲಿ ಮಾಸ್ಕ್ ಕಡ್ಡಾಯ ಎಂಬ ಆದೇಶವನ್ನು ರದ್ದು ಮಾಡಿದರು. ಸ್ಯಾನಿಟೇಶನ್ ಎಂಬ ಪದಕ್ಕೆ 'ಕೊಳೆ ತೆಗೆಯುವುದು' ಎಂಬ ಅರ್ಥವೋ, 'ಕೊಳೆಯಾಗದಂತೆ ಕಾಯುವುದು' ಎಂಬ ಅರ್ಥವೋ ಎಂದು 1944ಕ್ಕೆ ಹಿಂದಿನ ಬರಹಗಳನ್ನೂ ನಿಘಂಟುಗಳನ್ನೂ ತಡಕಿ ನೋಡಿ, ಮೊದಲನೆಯದೇ ಎಂದರು. ಮಾಸ್ಕ್ ಏನನ್ನೂ ತೊಳೆಯುವುದಿಲ್ಲ, ಆದ್ದರಿಂದ ಅದು ಆ ಪಟ್ಟಿಗೆ ಬರುವುದಿಲ್ಲ ಎಂದು ವಾದ. ಪದಚರ್ಚೆ ಮಾಡುವ ನಮಗೆ ಇದಕ್ಕಿಂತ ಹತ್ತಿರದ ತೀರ್ಪು ಸಿಗಲಿಕ್ಕಿಲ್ಲ. ಕನ್ನಡದ ನೈರ್ಮಲ್ಯ ಎರಡಕ್ಕೂ ಆಗುತ್ತದೆ ಎಂದು ನನ್ನ ಅನಿಸಿಕೆ. 'ಚೊಕ್ಕ ಮಾಡು', 'ಚೊಕ್ಕವಾಗಿಡು' ಎಂದು ಬಿಡಿಸಿ ಬರೆದು, ಜಗಳ ಇಲ್ಲಿದೆ ಎಂದು ತೋರಿಸಿದ್ದೇನೆ. ಇದು ಸಾಕೇ?

ಕ್ವಾರಂಟೈನ್ ಬಗ್ಗೆ ಹೆಚ್ಚು ಕೇಳುವುದಿಲ್ಲ. ಹಡಗಿಗೆ 'ದಿಗ್ಬಂಧನ' ಎಂದು ಬರೆದದ್ದು ಓದಿದ್ದೇನೆ, ನನಗೆ ಅದು ಮುತ್ತಿಗೆ ಹಾಕಿದ ಹಾಗೆ ಕೇಳಿಸುತ್ತದೆ. 'ಪ್ರತ್ಯೇಕವಾಸ'ವೂ ಹಡಗಿನ ಸಿಬ್ಬಂದಿಯ ಮಟ್ಟಿಗೆ ಸುಳ್ಳಾಗುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಾಗ ಅದರಲ್ಲಿ 3,711 ಜನ ಇದ್ದರು, 138 ಮಂದಿ ಭಾರತೀಯರು. ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಯೊಳಗೆ ಇದ್ದರು, ಸಿಬ್ಬಂದಿ ಅಡುಗೆ ಮಾಡಿ ಬಾಗಿಲಿಗೆ ಊಟ ಮುಟ್ಟಿಸುತ್ತಲೇ ಇದ್ದರು. ಅವರದ್ದು ಯಾವ ಪ್ರತ್ಯೇಕವಾಸ? ಕ್ವಾರಂಟೈನ್ ಎಂದೇ ಬಿಟ್ಟಿದ್ದೇನೆ. ಕೈಗೆ ಸೀಲು ಒತ್ತಿಸಿಕೊಂಡ, ಬಾಗಿಲಿಗೆ ಚೀಟಿ ಅಂಟಿಸಿಕೊಂಡ ಮೇಲೆ ಆ ಪದ ನಮ್ಮದೇ ಆಗಿದೆ.

ಕೊನೆಯದಾಗಿ ಲಸಿಕೆಯ ಚೀಟಿಯ ಕೇಸು. ಫ್ಲಾರಿಡಾ ಇನ್ನೊಂದು ಕಾನೂನು ಮಾಡಿತ್ತು: ಗ್ರಾಹಕರಿಂದ ಲಸಿಕೆಯ ದಾಖಲೆ ಕೇಳುವಂತಿಲ್ಲ, ಕೇಳಿದರೆ ಪ್ರತಿ ಸಲಕ್ಕೂ 5,000 ಡಾಲರ್‌ವರೆಗೆ ದಂಡ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಅದರ ವಿರುದ್ಧ ಹೋಯಿತು. 2021ರ ಆಗಸ್ಟ್ 8ರಂದು ನ್ಯಾಯಾಧೀಶೆ ಕ್ಯಾಥ್ಲೀನ್ ವಿಲಿಯಮ್ಸ್ ಕಂಪನಿಯ ಪರ ಕಟ್ಟಪ್ಪಣೆ ಕೊಟ್ಟರು. 2022ರ ಅಕ್ಟೋಬರ್ 6ರಂದು ಮೇಲ್ಮನವಿ ಕೋರ್ಟು ಇಬ್ಬರ ಎದುರು ಒಬ್ಬರ ಲೆಕ್ಕದಲ್ಲಿ ಅದನ್ನು ತಳ್ಳಿಹಾಕಿತು. ಇಲ್ಲಿ ನೋಡಿ, ಮೊದಲ ಕೇಸಿನಲ್ಲಿ ನಿಯಮ ಬೇಡ ಎಂದದ್ದು ರಾಜ್ಯ. ಎರಡನೆಯದರಲ್ಲಿ ರಾಜ್ಯದ್ದೇ ನಿಯಮ, ಬೇಡ ಎಂದದ್ದು ಕಂಪನಿ. ಎರಡಕ್ಕೂ 'ಕೋವಿಡ್ ನಿಯಮಕ್ಕೆ ತಡೆಯಾಜ್ಞೆ' ಎಂದು ಬರೆದರೆ ಅರ್ಥ ತಿರುಗುಮುರುಗಾಗುತ್ತದೆ. ಇಂಜಂಕ್ಷನ್‌ಗೆ ಬೇರೆ ಪದ ಬೇಕೇ ಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಧಾರವಾಡ, ಕಲಬುರಗಿ ಕಡೆಯ ಕೋರ್ಟುಗಳಲ್ಲಿ ಓಡಾಡುವವರು ಅಲ್ಲಿ ಕಕ್ಷಿದಾರರು ಇಂಜಂಕ್ಷನ್‌ಗೆ, ಸ್ಟೇಗೆ ಬಾಯಿಮಾತಿನಲ್ಲಿ ಏನನ್ನುತ್ತಾರೆ ಎಂದು ದಯವಿಟ್ಟು ತಿಳಿಸಿ. ಹಳೆಯ ದಾವಾ ಪತ್ರಗಳು ಮನೆಯಲ್ಲಿ ಇದ್ದರೆ ಅದರಲ್ಲಿ ಯಾವ ಪದ ಇದೆ ನೋಡಿ ಹೇಳಿ, ಕಕ್ಷಿಗಳ ಹೆಸರು ಬೇಡ, ಆ ಒಂದು ಸಾಲು ಸಾಕು. 'ಕಟ್ಟಪ್ಪಣೆ' ಕಿವಿಗೆ ಒರಟು ಅನ್ನಿಸಿದವರು ಅದನ್ನೂ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಪುಸ್ತಿಕೆ ಅಚ್ಚಿಗೆ ಕೊಡಬೇಕು.