ಚಿಕ್ಕ ಗಡ್ಡೆಗೆ 22 ಗ್ರೇ, ದೊಡ್ಡದಕ್ಕೆ ಸಲಕ್ಕೆ 9 ಮಾತ್ರ: ಮೆದುಳಿನ ಎಸ್‌ಆರ್‌ಎಸ್ ಡೋಸ್ ಬಗ್ಗೆ ಪ್ರಶ್ನೆ

ಹೊಸ_ಪ್ಲಾನರ್:
ಮೆದುಳಿಗೆ ಹರಡಿದ ಎರಡು ಕ್ಯಾನ್ಸರ್ ಗಡ್ಡೆಗಳ ಎಸ್‌ಆರ್‌ಎಸ್ (ಗಡ್ಡೆಯ ಮೇಲೆ ನಿಖರವಾಗಿ ಕೇಂದ್ರೀಕರಿಸಿ ಕೊಡುವ ದೊಡ್ಡ ಡೋಸ್ ರೇಡಿಯೇಷನ್) ಪ್ಲಾನ್ ಇದು. ಒಂದು 1.4 ಸೆಂ.ಮೀ., ಅದಕ್ಕೆ ಒಂದೇ ಸಿಟ್ಟಿಂಗ್‌ನಲ್ಲಿ 22 ಗ್ರೇ (ರೇಡಿಯೇಷನ್ ಡೋಸ್‌ನ ಅಳತೆ). ಇನ್ನೊಂದು 3.4 ಸೆಂ.ಮೀ., ಅದಕ್ಕೆ ಮೂರು ಸಿಟ್ಟಿಂಗ್‌ನಲ್ಲಿ 27 ಗ್ರೇ, ಅಂದರೆ ಸಲಕ್ಕೆ 9 ಮಾತ್ರ. ದೊಡ್ಡದಕ್ಕೇ ಅಲ್ಲವೇ ಹೆಚ್ಚು ಬೇಕಾದದ್ದು? ಲೆಕ್ಕ ತಲೆಕೆಳಗಾದಂತಿದೆ. ಇನ್ನೆರಡು ಸಂಶಯ: ಮೂರು ವಾರದ ಹಿಂದಿನ ಎಂಆರ್‌ಐ ಇದ್ದರೂ ಹೊಸದು ಯಾಕೆ? ತಲೆಬುರುಡೆಗೆ ಪಿನ್ ಹಾಕುವ ಫ್ರೇಮ್ ಬಿಟ್ಟು ಮಾಸ್ಕ್‌ನಲ್ಲಿ ಮಾಡಿದರೆ ನಿಖರತೆ ಎಷ್ಟು ಕಡಿಮೆಯಾಗುತ್ತದೆ?

ಗ್ರೇ_ಲೆಕ್ಕ:
ವ್ಯಾಸ ಬಿಡಿ, ಗಾತ್ರ ನೋಡಿ. 1.4 ಸೆಂ.ಮೀ. ಗೋಳ ಅಂದರೆ ಸುಮಾರು 1.4 ಸಿಸಿ, 3.4 ಸೆಂ.ಮೀ. ಅಂದರೆ ಸುಮಾರು 20 ಸಿಸಿ. ವ್ಯಾಸ ಎರಡೂವರೆ ಪಟ್ಟು ಹತ್ತಿರ, ಗಾತ್ರ 14 ಪಟ್ಟು! ಡೋಸ್ ಗಡ್ಡೆಯ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲುವುದಿಲ್ಲ, ಹೊರಗಡೆ ಇಳಿಯುತ್ತಾ ಹೋಗುತ್ತದೆ. ಗಡ್ಡೆ ದೊಡ್ಡದಾದಷ್ಟೂ ಆ ಇಳಿಜಾರಿನೊಳಗೆ ಸಿಕ್ಕಿಬೀಳುವ ಆರೋಗ್ಯವಂತ ಮೆದುಳೂ ಹೆಚ್ಚು. ಒಂದೇ ಸಲದ ಚಿಕಿತ್ಸೆಯಲ್ಲಿ 12 ಗ್ರೇ ಅಥವಾ ಅದಕ್ಕಿಂತ ಹೆಚ್ಚು ಪಡೆಯುವ ಮೆದುಳು 5ರಿಂದ 10 ಸಿಸಿ ದಾಟಿದರೆ ನೆಕ್ರೋಸಿಸ್ (ರೇಡಿಯೇಷನ್‌ನಿಂದ ಮೆದುಳಿನ ಅಂಗಾಂಶ ಸಾಯುವುದು) ಅಪಾಯ ಏರತೊಡಗುತ್ತದೆ. ಆ ಸಂಖ್ಯೆಯನ್ನು ಪ್ಲಾನ್‌ನಲ್ಲಿ ಮೊದಲು ಹುಡುಕಿ.

ಆರ್‌ಟಿಒಜಿ (ಅಮೆರಿಕದ ರೇಡಿಯೇಷನ್ ಚಿಕಿತ್ಸಾ ಸಂಶೋಧನಾ ಗುಂಪು) 90-05 ಅಧ್ಯಯನ ಕೊಟ್ಟ ಒಂದೇ ಸಲದ ಮಿತಿಗಳು ಹೀಗಿವೆ: 2 ಸೆಂ.ಮೀ.ವರೆಗೆ 24 ಗ್ರೇ, 2.1–3 ಸೆಂ.ಮೀ.ಗೆ 18, 3.1–4 ಸೆಂ.ಮೀ.ಗೆ 15. (ಅವರೆಲ್ಲ ಮೊದಲೇ ರೇಡಿಯೇಷನ್ ಪಡೆದಿದ್ದ ರೋಗಿಗಳು ಎಂಬುದನ್ನು ಬಹಳ ಜನ ಮರೆಯುತ್ತಾರೆ.) ನಿಮ್ಮ ದೊಡ್ಡ ಗಡ್ಡೆಗೆ ಒಂದೇ ಸಲಕ್ಕೆ 15ರ ಮೇಲೆ ಕೊಡುವಂತಿಲ್ಲ; ಗಡ್ಡೆ ಹಿಡಿತಕ್ಕೆ ಬರಲು 15 ಹೆಚ್ಚಾಗಿ ಸಾಲದು. ಆಲ್ಫಾ/ಬೀಟಾ (ಡೋಸ್ ಹಂಚಿದರೆ ಅಂಗಾಂಶದ ಮೇಲೆ ಪರಿಣಾಮ ಎಷ್ಟು ಬದಲಾಗುತ್ತದೆ ಎಂದು ಹೇಳುವ ಸಂಖ್ಯೆ) 10 ಇಟ್ಟು ಬಿಇಡಿ (ಬೇರೆಬೇರೆ ಹಂಚಿಕೆಗಳ ಪರಿಣಾಮ ಹೋಲಿಸುವ ಲೆಕ್ಕ) ಹಾಕಿ: 15 ಒಂದು ಸಲ = 37.5; 27 ಮೂರು ಸಲ = 51.3; 18 ಒಂದು ಸಲ = 50.4. ಅಂದರೆ ಹಂಚಿಕೊಟ್ಟ 27, ಒಂದೇ ಸಲದ 18ಕ್ಕೆ ಸರಿಸುಮಾರು ಸಮ. ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಮೆದುಳು ಚೇತರಿಸಿಕೊಳ್ಳುತ್ತದೆ ಎಂಬುದೇ ಇಲ್ಲಿನ ಲಾಭ. ಇಷ್ಟು ದೊಡ್ಡ ಡೋಸ್‌ಗಳಲ್ಲಿ ಈ ಸೂತ್ರ ಅಂದಾಜಿಗಷ್ಟೇ.

ಮಿಲಿಮೀಟರ್_ಕಾವಲು:
ಎಂಆರ್‌ಐ ವಿಷಯ. ಹರಡಿದ ಗಡ್ಡೆ ಮೂರು ವಾರದಲ್ಲಿ ಬೆಳೆದಿರಬಹುದು, ಹೊಸದು ಹುಟ್ಟಿರಬಹುದು. ಹಳೆಯ ಚಿತ್ರದ ಮೇಲೆ ಗೆರೆ ಎಳೆದರೆ ಅಂಚು ಹೊರಗೇ ಉಳಿಯುತ್ತದೆ. ಒಂದು ವಾರದೊಳಗಿನದು ಇದ್ದರೆ ಒಳ್ಳೆಯದು. ಗ್ಯಾಡೊಲಿನಿಯಂ (ಗಡ್ಡೆ ಎದ್ದು ಕಾಣುವಂತೆ ಮಾಡುವ ಚುಚ್ಚುಮದ್ದು) ಕೊಟ್ಟು ತೆಗೆದ ಟಿ1 ಬಗೆಯ ಎಂಆರ್‌ಐ, 1 ಮಿ.ಮೀ. ಸ್ಲೈಸ್‌ಗಳಲ್ಲಿ ಬೇಕು; 3 ಮಿ.ಮೀ. ಸ್ಲೈಸ್‌ನಲ್ಲಿ 6 ಮಿ.ಮೀ. ಗಡ್ಡೆ ಎರಡೇ ಚಿತ್ರದಲ್ಲಿ ಮುಗಿದುಹೋಗುತ್ತದೆ. ಎಂಆರ್‌ಐ ಚಿತ್ರ ಅಂಚುಗಳಲ್ಲಿ ವಕ್ರವಾಗುವುದರಿಂದ ಅಳತೆಗೆ ಸಿಟಿಯೇ ಆಧಾರ, ಅದರ ಮೇಲೆ ಎಂಆರ್‌ಐ ಕೂರಿಸಬೇಕು. ಕೂತಿದೆಯಾ ಎಂದು ಚರ್ಮದ ಗೆರೆ ನೋಡಿ ಹೇಳಬೇಡಿ; ವೆಂಟ್ರಿಕಲ್‌ಗಳಲ್ಲಿ (ಮೆದುಳಿನೊಳಗಿನ ದ್ರವ ತುಂಬಿದ ಕುಳಿಗಳು), ಗಡ್ಡೆಯ ಅಕ್ಕಪಕ್ಕದ ಮಡಿಕೆಗಳಲ್ಲಿ ನೋಡಿ.

ಫ್ರೇಮ್ ಇದ್ದರೆ ಸಾಮಾನ್ಯವಾಗಿ ಮಾರ್ಜಿನ್ (ತಪ್ಪಿಗೆಂದು ಗಡ್ಡೆಯ ಸುತ್ತ ಸೇರಿಸುವ ಅಂಚು) 0ರಿಂದ 1 ಮಿ.ಮೀ., ಮಾಸ್ಕ್‌ಗೆ 1ರಿಂದ 2. ಕೇಳಲು ಚಿಕ್ಕದು. ಆದರೆ 1.4 ಸೆಂ.ಮೀ. ಗಡ್ಡೆಯ ಸುತ್ತ 1 ಮಿ.ಮೀ. ಸೇರಿಸಿದರೆ ಗಾತ್ರ ಅರ್ಧದಷ್ಟು ಏರುತ್ತದೆ, 2 ಮಿ.ಮೀ. ಸೇರಿಸಿದರೆ ದುಪ್ಪಟ್ಟು. ಮೂರು ದಿನ ಫ್ರೇಮ್ ಹೊತ್ತು ಕೂರಿಸಲಾಗದು, ಹಾಗಾಗಿ ಬಿಡಿಬಿಡಿಯಾಗಿ ಕೊಡುವುದಿದ್ದರೆ ಸಾಮಾನ್ಯವಾಗಿ ಮಾಸ್ಕೇ ದಾರಿ. ಪ್ರತಿದಿನ ಕೋನ್‌ಬೀಮ್ ಸಿಟಿ (ಚಿಕಿತ್ಸೆಯ ಮೆಷಿನ್‌ನಲ್ಲೇ ತೆಗೆಯುವ ಸಿಟಿ), ಚಿಕಿತ್ಸೆ ನಡೆಯುವಾಗ ಕ್ಯಾಮೆರಾ ಕಣ್ಗಾವಲು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನಿಂದ ಮುಖ ಊದಿ ಮಾಸ್ಕ್ ಬಿಗಿಯಾಗುವುದುಂಟು. ಒತ್ತಿ ತೊಡಿಸಬೇಡಿ, ಹೊಸದು ಅಚ್ಚು ಹಾಕಿ, ಸಿಟಿಯನ್ನೂ ಮತ್ತೆ ತೆಗೆಯಿರಿ. ಫ್ರೇಮ್ ಪಿನ್‌ಗಳನ್ನು ಹಳೆಯ ಆಪರೇಷನ್‌ನ ಮೂಳೆ ತುಂಡಿನ ಮೇಲೆ ಹಾಕಬಾರದು. ಚಿಕಿತ್ಸೆಯ ದಿನ ಬೆಳಿಗ್ಗೆ ವಿನ್‌ಸ್ಟನ್–ಲುಟ್ಜ್ ಪರೀಕ್ಷೆ (ಕಿರಣ ಗುರಿಯ ಕೇಂದ್ರಕ್ಕೇ ಬೀಳುತ್ತದೆಯೇ ಎಂದು ನೋಡುವುದು) 1 ಮಿ.ಮೀ. ಒಳಗೆ ಬರದಿದ್ದರೆ ಮೆಷಿನ್ ನಿಲ್ಲಿಸಿ.

ನರರೋಗ_ವಾರ್ಡ್:
ಮೇಲಿನವರು ಕೇಳದೇ ಬಿಟ್ಟ ಪ್ರಶ್ನೆ: ಆ 3.4 ಸೆಂ.ಮೀ. ಗಡ್ಡೆ ಎಲ್ಲಿದೆ? ಸೆರೆಬೆಲ್ಲಮ್‌ನಲ್ಲಿದ್ದು (ಮೆದುಳಿನ ಹಿಂಭಾಗದ ಕೆಳಗಿನ ಭಾಗ) ನಾಲ್ಕನೇ ವೆಂಟ್ರಿಕಲ್ ಒತ್ತುತ್ತಿದ್ದರೆ ರೇಡಿಯೇಷನ್ ಮೊದಲ ಆಯ್ಕೆಯೇ ಅಲ್ಲ. ರೇಡಿಯೇಷನ್ ಗಡ್ಡೆಯನ್ನು ಕುಗ್ಗಿಸುವುದು ವಾರ, ತಿಂಗಳುಗಳಲ್ಲಿ. ಒತ್ತಡ ಅಷ್ಟು ಕಾಯುವುದಿಲ್ಲ. ತೆಗೆಯಬಹುದಾದರೆ ತೆಗೆದು, ಉಳಿದ ಕುಳಿಗೆ ರೇಡಿಯೇಷನ್ ಕೊಡಬೇಕು.

ಮುಂದಿನ ಎಂಆರ್‌ಐಗಳು ಎರಡು–ಮೂರು ತಿಂಗಳಿಗೊಮ್ಮೆ. ಆರು ತಿಂಗಳಿನಿಂದ ಒಂದೂವರೆ ವರ್ಷದ ನಡುವೆ ಗಡ್ಡೆ ದೊಡ್ಡದಾಗಿ ಕಂಡರೆ ಅದು ಮರುಬೆಳವಣಿಗೆಯೇ ಎಂದು ಬರೆದುಬಿಡಬಾರದು; ನೆಕ್ರೋಸಿಸ್ ಕೂಡ ಹಾಗೇ ಕಾಣುತ್ತದೆ. ಪರ್ಫ್ಯೂಷನ್ (ಗಡ್ಡೆಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಎಂಆರ್‌ಐ) ನೋಡಿ: ರಕ್ತದ ಪ್ರಮಾಣ ಕಡಿಮೆಯಿದ್ದರೆ ನೆಕ್ರೋಸಿಸ್ ಕಡೆಗೆ ವಾಲುತ್ತದೆ. ಅದು ತೊಂದರೆ ಕೊಡುತ್ತಿದ್ದರೆ ಮೊದಲು ಸ್ಟೀರಾಯ್ಡ್, ಜಗ್ಗದಿದ್ದರೆ ಬೆವಾಸಿಜುಮ್ಯಾಬ್ ಎಂಬ ಔಷಧ. ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸುವಂತಿಲ್ಲ, ಇಳಿಸುತ್ತಾ ಬರಬೇಕು.

ಹೊಸ_ಪ್ಲಾನರ್:
ಮುಂಭಾಗದ ಹಾಲೆಯಲ್ಲಿದೆ, ಒತ್ತಡವಿಲ್ಲ. ಇನ್ನೊಂದು ಚಿಕ್ಕ ಗಡ್ಡೆ ಸಿಕ್ಕಿದರೆ ಎರಡು ಚಿಕ್ಕವನ್ನೂ ಒಂದೇ ಐಸೋಸೆಂಟರ್‌ನಿಂದ (ಮೆಷಿನ್ ಸುತ್ತುವ ಕೇಂದ್ರಬಿಂದು) ಮುಗಿಸಬಹುದೇ?

ಮಿಲಿಮೀಟರ್_ಕಾವಲು:
ಸಮಯ ಉಳಿಯುತ್ತದೆ, ಆದರೆ ತಲೆ ತಿರುಗುವ ತಪ್ಪು ಆಗ ದುಬಾರಿ. ಐಸೋಸೆಂಟರ್‌ನಿಂದ 6 ಸೆಂ.ಮೀ. ದೂರದ ಗಡ್ಡೆಗೆ 1 ಡಿಗ್ರಿ ತಿರುವು ಅಂದರೆ 1 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಿನ ಪಲ್ಲಟ; ಮಾರ್ಜಿನ್ ಅಲ್ಲೇ ಖರ್ಚಾಯಿತು. ಟೇಬಲ್ ಆರು ದಿಕ್ಕಿನಲ್ಲೂ ತಿದ್ದುವಂಥದ್ದಾಗಿದ್ದು, ತಿರುವನ್ನು ಅರ್ಧ ಡಿಗ್ರಿಯೊಳಗೆ ಹಿಡಿಯಲು ಆಗುವುದಾದರೆ ಮಾಡಿ. ಇಲ್ಲದಿದ್ದರೆ ಎರಡು ಐಸೋಸೆಂಟರ್ ಇಡಿ.