ಟಿಪ್ಪು ಕಾಲದ ಆನೆ ಪೈಸೆಯಲ್ಲಿ ಇಸವಿ ಸವೆದಿದೆ, ಆಸಿಡ್ ಹಾಕಿದರೆ ಕಾಣುತ್ತದಾ?

ಮಂಡ್ಯದ ಕಾಸು

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಯ ಟ್ರಂಕಿನಲ್ಲಿ ಒಂದು ದಪ್ಪನೆಯ ತಾಮ್ರದ ಕಾಸು ಸಿಕ್ಕಿತು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಬರಹ. ಚಿನ್ನದಂಗಡಿಯಲ್ಲಿ ತೂಗಿಸಿದೆ, 11 ಗ್ರಾಂ ಮೇಲೆ ಸ್ವಲ್ಪ ಬಂತು. ಟಿಪ್ಪುವಿನ ಪೈಸೆ ಅಂತ ಪಟ ನೋಡಿ ಗೊತ್ತಾಯಿತು. ಆದರೆ ಆನೆಯ ಮೇಲ್ಗಡೆ ಇಸವಿ ಇರಬೇಕಾದ ಜಾಗ ಪೂರ್ತಿ ನುಣುಪಾಗಿದೆ, ಎಡತುದಿಯಲ್ಲಿ ಮಾತ್ರ ಏನೋ ಒಂದು ಅಂಕಿಯ ನೆರಳು ಇದ್ದ ಹಾಗಿದೆ. ಅಮೆರಿಕದ ಹಳೇ ನಾಣ್ಯದ ಮೇಲೆ ಫೆರಿಕ್ ಕ್ಲೋರೈಡ್ ಹನಿ ಬಿಟ್ಟು ಇಸವಿ ಎಬ್ಬಿಸುವ ವಿಡಿಯೋ ನೋಡಿದೆ. ಅದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. ಹಾಕಬಹುದಾ? ಇದು ಯಾವ ವರ್ಷದ್ದು ಅಂತ ತಿಳಿಯಬೇಕು ಅಷ್ಟೇ, ಮಾರುವ ಯೋಚನೆ ಇಲ್ಲ.

ಕ್ಯಾಲಿಫೋರ್ನಿಯಾ ಕನ್ನಡಿಗ

ದಯವಿಟ್ಟು ಹಾಕಬೇಡಿ. ನೀವು ನೋಡಿದ್ದು ಬಫಲೋ ನಿಕಲ್ ಇರಬೇಕು, 1913ರಿಂದ 1938ರವರೆಗೆ ಬಂದ 5 ಸೆಂಟಿನ ನಾಣ್ಯ. ಅದರಲ್ಲಿ ಇಸವಿ ಇರುವುದು ಮುಖದ ಕೆಳಗೆ ಭುಜದ ಉಬ್ಬಿನ ಮೇಲೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಸವೆಯುವುದೇ ಅದು. ನಾನೂ ಮೂರು ನಾಲ್ಕು ನಾಣ್ಯಕ್ಕೆ ಹಾಕಿದ್ದೇನೆ. ಅಚ್ಚು ಬಡಿದಾಗ ಅಂಕಿ ಇರುವ ಕಡೆ ಮತ್ತು ಅದರ ಸುತ್ತ ಲೋಹ ಒತ್ತಿಕೊಂಡಿರುವ ರೀತಿ ಬೇರೆ ಬೇರೆ, ಮೇಲಿನ ಉಬ್ಬು ಹೋದರೂ ಆ ವ್ಯತ್ಯಾಸ ಒಳಗೆ ಉಳಿದಿರುತ್ತದೆ, ಆಸಿಡ್ ಎರಡನ್ನೂ ಒಂದೇ ಸಮ ತಿನ್ನುವುದಿಲ್ಲ, ಅದಕ್ಕೇ ಅಂಕಿ ಮಸುಕಾಗಿ ಮೇಲೇಳುತ್ತದೆ. ಆದರೆ ಆ ಜಾಗ ಒರಟಾಗಿ ಕಲೆ ಬಿದ್ದುಬಿಡುತ್ತದೆ. ನನ್ನ ಒಂದು ನಾಣ್ಯದಲ್ಲಿ ಅಂಕಿ ಕೆಲವು ತಿಂಗಳಲ್ಲೇ ಮತ್ತೆ ಮಂಕಾಯಿತು. 1926ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು ಬರೀ 9,70,000 ಅಚ್ಚಾಗಿದ್ದು, ಅಂಥದ್ದು ಸಿಕ್ಕರೂ ಆಸಿಡ್ ಕಂಡದ್ದಕ್ಕೆ ಬೆಲೆ ತುಂಬಾ ಕಡಿಮೆ.

ಇನ್ನೊಂದು ವಿಷಯ. ಆ ನಿಕಲ್‌ನಲ್ಲಿ 75 ಭಾಗ ತಾಮ್ರ, 25 ಭಾಗ ನಿಕಲ್. ನಿಮ್ಮದು ಬರೀ ತಾಮ್ರ. ಫೆರಿಕ್ ಕ್ಲೋರೈಡ್ ಅಂಗಡಿಗಳಲ್ಲಿ ಮಾರುವುದೇ ಸರ್ಕ್ಯೂಟ್ ಬೋರ್ಡಿನ ಮೇಲಿನ ತಾಮ್ರವನ್ನು ಕರಗಿಸಲಿಕ್ಕೆ!

ಹಳೇದುಡ್ಡು

ಆಸಿಡ್ ಬೇಡ, ಹುಣಸೆಹಣ್ಣೂ ಬೇಡ. ಶುರುವಿನಲ್ಲಿ ನಾನು 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲು ಆಣೆಯೊಂದನ್ನು ದೇವರ ಪಾತ್ರೆ ಉಜ್ಜಿದ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಕೂತಿದ್ದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗಿ, ನಾಣ್ಯ ಹಸಿ ಗುಲಾಬಿಯಾಯಿತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಕಾಸಿಗೆ ಬರೋಣ. ಟಿಪ್ಪುವಿನ ಪೈಸೆಗಳನ್ನು ಕೈಯಲ್ಲೇ ಬಡಿದು ಮಾಡುತ್ತಿದ್ದರು. ಅಚ್ಚು ಪಕ್ಕಕ್ಕೆ ಸರಿದರೆ ಇಸವಿ ಬಿಲ್ಲೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಬೀಳದೇ ಇದ್ದ ಅಂಕಿಯನ್ನು ಯಾವ ಆಸಿಡ್ಡೂ ತೋರಿಸಲಾರದು, ಅಲ್ವಾ?

ಆ ಎಡತುದಿಯ ನೆರಳು ಇದೆಯಲ್ಲ, ಅದನ್ನು ಬಿಡಬೇಡಿ. ಟಿಪ್ಪು ಮೊದಲ ಕೆಲವು ವರ್ಷ ಹಿಜರಿ ಇಸವಿ ಹಾಕಿಸಿದ, ಆಮೇಲೆ ಮೌಲೂದಿ ಅಂತ ತನ್ನದೇ ಲೆಕ್ಕ ತಂದ. ಮೌಲೂದಿ ಇಸವಿಯನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಅಂದರೆ ನಾಣ್ಯದ ಮೇಲೆ ನಮ್ಮ ಕಣ್ಣಿಗೆ 5121 ಥರ ಕಾಣುತ್ತದೆ. ಅಂದರೆ ಎಡತುದಿಯಲ್ಲಿ ಉಳಿದಿರುವುದು ಕೊನೆಯ ಅಂಕಿ, ನಮಗೆ ಬೇಕಾದ್ದೂ ಅದೇ. ಹಿಜರಿಯಾಗಿದ್ದರೆ ಎಡದಿಂದ ಬಲಕ್ಕೆ ಇರುವುದರಿಂದ ಅಲ್ಲಿ ಸುಮ್ನೆ ಒಂದು ಗೀಟು, 1, ಇರುತ್ತಿತ್ತು.

ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಟ್ಟು ಪಕ್ಕದಿಂದ ಬೆಳಕು ಬಿಡಿ, ಕಾಸನ್ನು ನಿಧಾನವಾಗಿ ತಿರುಗಿಸುತ್ತಾ ಫೋಟೋ ತೆಗೆಯಿರಿ. ಕೂದಲೆಳೆಯಷ್ಟು ಉಬ್ಬು ಇದ್ದರೂ ನೆರಳು ಬೀಳುತ್ತದೆ. ಜೊತೆಗೆ ಎರಡೂ ಬದಿ ಒಂಟಿ ಅಕ್ಷರ ಏನಾದರೂ ಇದೆಯಾ ಹುಡುಕಿ. ಕೊನೆಯ ನಾಲ್ಕು ವರ್ಷ, ಮೌಲೂದಿ 1224ರಿಂದ 1227ರವರೆಗೆ, ಕ್ರಮವಾಗಿ ಅಲಿಫ್, ಬೇ, ತೇ, ಸೇ ಅಂತ ಒಂದೊಂದು ಪರ್ಷಿಯನ್ ಅಕ್ಷರ ಹಾಕಿದ್ದಾರೆ.

ಮಂಡ್ಯದ ಕಾಸು

ಸರ್, ನಿನ್ನೆ ರಾತ್ರಿ ಕೂತೆ. ಕರೆಂಟೂ ಹೋಗಿತ್ತು, ಅನುಕೂಲವೇ ಆಯಿತು. ಒಂದು ಗಂಟೆ ತಿರುಗಿಸಿ ತಿರುಗಿಸಿ ನಲವತ್ತು ಫೋಟೋ ತೆಗೆದೆ. ಎಡತುದಿಯದು ಪರ್ಷಿಯನ್ ಐದು! ಅಂಕಿಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಅಕ್ಕನ ಕೈಲೂ ನೋಡಿಸಿದೆ, ಅವಳೂ ಅದೇ ಹೇಳಿದಳು. ಹಾಗಾದರೆ 1215 ಅಥವಾ 1225, ಸರಿನಾ? ಇನ್ನೊಂದು, ಬೆಳಕು ಬಲಗಡೆಯಿಂದ ಬಿದ್ದಾಗ ಮಾತ್ರ ಚಪ್ಪಟೆ ದೋಣಿಯಂಥ ಒಂದು ಚಿಕ್ಕ ಗೆರೆ ಕಂಡಿತು. ಅದರ ಕೆಳಗೆ ಚುಕ್ಕೆ.

ಹಳೇದುಡ್ಡು

ಚುಕ್ಕೆ ಒಂದೇನಾ? ಕೆಳಗೇ ಇದೆಯಾ? ಮೇಲೆ ಎರಡಿದ್ದರೆ ತೇ ಆಗುತ್ತದೆ.

ಮಂಡ್ಯದ ಕಾಸು

ಒಂದೇ. ಕೆಳಗೇ. ಈಗ ಮತ್ತೆ ನೋಡಿ ಬಂದೆ.

ಹಳೇದುಡ್ಡು

ಹಾಗಾದರೆ ಅದು ಬೇ. ಐದೂ ಇದೆ, ಬೇನೂ ಇದೆ, ಮೌಲೂದಿ 1225. ನಮ್ಮ ಲೆಕ್ಕದಲ್ಲಿ 1797ರ ಆಸುಪಾಸು, ಶ್ರೀರಂಗಪಟ್ಟಣ ಬೀಳುವುದಕ್ಕೆ ಎರಡು ವರ್ಷ ಮುಂಚೆ. ಬಹಳ ಖುಷಿಯಾಯಿತು. ಇನ್ನು ಬರಹದ ಬದಿಯಲ್ಲಿ 'ಪಟನ್' ಅಂತ ಇದೆಯಾ ನೋಡಿ, ಇದ್ದರೆ ಶ್ರೀರಂಗಪಟ್ಟಣದ ಟಂಕಸಾಲೆಯದೇ. 'ನಗರ' ಅಂತ ಇದ್ದರೆ ಬಿದನೂರಿನದು. ಪೈಸೆಗೆ ಅವನು ಇಟ್ಟ ಹೆಸರು 'ಜೊಹ್ರಾ', ಅದೂ ಅಲ್ಲೇ ಇರುತ್ತದೆ. ಕಾಸನ್ನು ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ತಾಮ್ರಕ್ಕೆ ಹಸಿರು ಹಿಡಿಯುತ್ತದೆ. ಕಾಗದದ ಲಕೋಟೆ ಸಾಕು. ಇಸವಿಯನ್ನು ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ, ಅಜ್ಜಿಯ ಹೆಸರನ್ನೂ ಬರೆಯಿರಿ.